ಆಟಿ ತಿಂಗಳ ಮಳೆಯಲ್ಲಿ ‘ಚಿಂತಿಸಬೇಡಿರಿ’ ಎಂಬ ಮಾತು

ಬೇಳದ ಕೃಷಿಕ:

ಕಾಸರಗೋಡಿನ ಕಡೆಯ ಕ್ರೈಸ್ತ ಬಂಧುಗಳಲ್ಲಿ ಒಂದು ಪ್ರಶ್ನೆ ಕೇಳಬೇಕೆಂದು ಮೂರು ವಾರಗಳಿಂದ ಯೋಚಿಸುತ್ತಿದ್ದೆ. ನನ್ನದು ಸುಮಾರು 400 ಅಡಿಕೆ ಮರಗಳ ಸಣ್ಣ ತೋಟ. ಮಳೆ ಹಿಡಿಯುವ ಮೊದಲು ಒಂದು ಸಲ, 45 ದಿನಗಳ ಬಳಿಕ ಇನ್ನೊಂದು ಸಲ ಕೊಳೆರೋಗದ ಮದ್ದು ಬಿಡಿಸಿದ್ದೇನೆ. ಒಂದು ಕಿಲೋ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ ಕರಗಿಸಿ, ಒಂದು ಕಿಲೋ ಸುಣ್ಣವನ್ನು ಬೇರೆ 50 ಲೀಟರ್ ನೀರಿನಲ್ಲಿ ಕಲಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿದು, ಕೊನೆಗೆ ಕಬ್ಬಿಣದ ಕತ್ತಿಯನ್ನು ಅದ್ದಿ ನೋಡುವ ಕೆಲಸವನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ. ಅಲಗಿನ ಮೇಲೆ ತಾಮ್ರದ ಕೆಂಪು ಕುಳಿತರೆ ಸುಣ್ಣ ಸಾಲದು ಎಂದರ್ಥ. ಈ ಸಲ ಎರಡು ಬಾರಿಯೂ ಅಲಗು ಇದ್ದ ಹಾಗೆಯೇ ಹೊರಗೆ ಬಂತು. ಮಾಡಬೇಕಾದದ್ದನ್ನೆಲ್ಲ ಮಾಡಿದ್ದೇನೆ ಎಂದು ದೇವರ ಮುಂದೆ ಹೇಳಬಲ್ಲೆ.

ಆದರೆ ಹದಿನೈದು ದಿನಗಳಿಂದ ಬಿಸಿಲೆಂಬುದಿಲ್ಲ. ರಾತ್ರಿ ಮಲಗಿದಾಗ, ಮಳೆ ಸ್ವಲ್ಪ ತಗ್ಗಿದ ಹೊತ್ತಿನಲ್ಲಿ, ತೋಟದ ಕಡೆಯಿಂದ ಕಾಯಿ ಅಡಿಕೆ ಉದುರುವ ಸದ್ದು ಕೇಳುತ್ತದೆ. ಒಂದು ಬೀಳುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಮತ್ತೊಂದು. ಬೆಳಗ್ಗೆ ಹೆಕ್ಕಿ ನೋಡಿದರೆ ತೊಟ್ಟಿನ ಬುಡದಲ್ಲಿ ಬಿಳಿಯ ಬೂಸ್ಟು. ಕೊಳೆರೋಗವನ್ನು ಕಂಡವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಆ ಸದ್ದನ್ನು ಎಣಿಸುತ್ತಾ ನಾನು ಎಚ್ಚರವಾಗಿಯೇ ಇರುತ್ತೇನೆ, ಬ್ಯಾಂಕಿನ ಕಂತು ಕಣ್ಣ ಮುಂದೆ ಬರುತ್ತದೆ, ಕೈಯಲ್ಲಿ ಜಪಮಾಲೆ ಇದ್ದರೂ ಎಷ್ಟನೆಯ ಮಣಿಯಲ್ಲಿದ್ದೇನೆ ಎಂಬುದೇ ಮರೆತುಹೋಗುತ್ತದೆ.

ಕಳೆದ ತಿಂಗಳು ಇಗರ್ಜಿಯಲ್ಲಿ ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದ ಮೇಲೆ ಪ್ರವಚನವಿತ್ತು: ಆಕಾಶದ ಹಕ್ಕಿಗಳು, ಹೊಲದ ಹೂಗಳು, ನಾಳೆಗಾಗಿ ಚಿಂತಿಸಬೇಡಿರಿ. ಕೇಳುವಾಗ ಮನಸ್ಸು ತುಂಬಿ ಬಂತು, ಮನೆಗೆ ಬಂದ ರಾತ್ರಿಯೇ ಅದೇ ಅವಸ್ಥೆ. ಇದನ್ನು ಪಾಪನಿವೇದನೆಯಲ್ಲೂ ಹೇಳಿಕೊಂಡಿದ್ದೇನೆ. ಮೊನ್ನೆ ಪ್ರಾರ್ಥನಾ ಕೂಟದಲ್ಲಿ ಒಬ್ಬ ಯುವಕ, ಪೂರ್ಣ ವಿಶ್ವಾಸವಿರುವವನಿಗೆ ಬೆಳೆ ವಿಮೆ ಏಕೆ ಬೇಕು ಎಂದು ಎಲ್ಲರ ಮುಂದೆ ಕೇಳಿದ. ಅವನಿಗೆ ನನ್ನನ್ನು ನೋಯಿಸುವ ಉದ್ದೇಶವಿರಲಿಲ್ಲ, ಆದರೆ ಆ ಮಾತು ಎದೆಯಲ್ಲಿಯೇ ಉಳಿದಿದೆ. ದೇವರ ಪರಾಮರಿಕೆಯನ್ನು, ಅಂದರೆ ಆತನು ನಮ್ಮನ್ನು ನೋಡಿಕೊಳ್ಳುತ್ತಾನೆ ಎಂಬುದನ್ನು, ನಂಬುವುದೆಂದರೆ ಚಿಂತೆ ಇಲ್ಲದಿರುವುದೇ? ಹಾಗಾದರೆ ಐವತ್ತೆಂಟು ವರ್ಷ ಇಗರ್ಜಿಗೆ ಹೋದ ನಾನು ಇನ್ನೂ ನಂಬಲು ಕಲಿತಿಲ್ಲವೇ?

ಉಪ್ಪಳದ ನಿವೃತ್ತ ಸಭಾಪಾಲಕ:

ಸಹೋದರರೇ, ನಾನು ಪ್ರಾಟೆಸ್ಟಂಟ್ ಸಭೆಯವನು. ಪಾಪನಿವೇದನೆಯ ಕ್ರಮ ನಮ್ಮಲ್ಲಿ ಬೇರೆ. ಆದರೆ ನೀವು ಕೇಳಿದ ಪ್ರಶ್ನೆ ನಮ್ಮೆರಡೂ ಸಭೆಗಳಿಗೂ ಸೇರಿದ್ದು, ನಾನೂ ಅದರೊಂದಿಗೆ ಬಹುಕಾಲ ಬಾಳಿದ್ದೇನೆ.

ಮೊದಲಿಗೆ ವಿಮೆಯ ಮಾತು, ಏಕೆಂದರೆ ಅದನ್ನು ಬೇಗ ಮುಗಿಸಬಹುದು. ವಿಮೋಚನಕಾಂಡದ 16ನೆಯ ಅಧ್ಯಾಯದಲ್ಲಿ ಇಸ್ರಾಯೇಲರು ಮರುಭೂಮಿಯಲ್ಲಿ ದೇವರು ಕೊಟ್ಟ ಮನ್ನವೆಂಬ ಆಹಾರವನ್ನು ಕೂಡಿಸುತ್ತಾರೆ. ಮರುದಿನಕ್ಕೆಂದು ಎತ್ತಿಟ್ಟದ್ದು ಹುಳಬಿದ್ದು ನಾರಿತು ಎಂಬುದನ್ನು ನಾವೆಲ್ಲ ಬೋಧಿಸುತ್ತೇವೆ. ಅದೇ ಅಧ್ಯಾಯದಲ್ಲಿ ಆರನೆಯ ದಿನ ಎರಡರಷ್ಟು ಕೂಡಿಸಿ ವಿಶ್ರಾಂತಿಯ ದಿನವಾದ ಸಬ್ಬತ್ತಿಗೆ ಇಟ್ಟುಕೊಳ್ಳಿರಿ ಎಂಬ ಅಪ್ಪಣೆಯೂ ಇದೆ, ಹಾಗೆ ಇಟ್ಟದ್ದು ಕೆಡಲಿಲ್ಲ. ಯೋಸೇಫನು ಏಳು ಸುಭಿಕ್ಷದ ವರ್ಷಗಳಲ್ಲಿ ಐಗುಪ್ತದ ಬೆಳೆಯ ಐದರಲ್ಲೊಂದು ಪಾಲನ್ನು ಕಣಜಕ್ಕೆ ಸೇರಿಸಿದಾಗ ಅದನ್ನು ಯಾರೂ ಅವಿಶ್ವಾಸವೆನ್ನಲಿಲ್ಲ. ಕೂಡಿಡುವುದರಲ್ಲಿ ದೋಷವಿಲ್ಲ. ಕೂಡಿಟ್ಟದ್ದನ್ನು ದೇವರ ಸ್ಥಾನದಲ್ಲಿ ಕೂರಿಸುವುದರಲ್ಲಿದೆ. ಲೂಕನ 12ನೆಯ ಅಧ್ಯಾಯದ ಐಶ್ವರ್ಯವಂತನು ಕಣಜ ಕಟ್ಟಿದ್ದಕ್ಕಲ್ಲ, ಆ ಕಣಜವನ್ನು ನೋಡಿ ತನ್ನ ಪ್ರಾಣಕ್ಕೆ ವಿಶ್ರಮಿಸಿಕೋ ಎಂದದ್ದಕ್ಕೆ ಬುದ್ಧಿಹೀನನೆನಿಸಿಕೊಂಡನು.

ಇನ್ನು ಹಕ್ಕಿಗಳ ವಿಷಯ. ಹಕ್ಕಿಗಳು ಬಿತ್ತುವುದಿಲ್ಲ, ಕೊಯ್ಯುವುದಿಲ್ಲ ಎಂದು ಯೇಸು ಹೇಳಿದರೇ ಹೊರತು, ಬಿತ್ತುವವನಿಗೆ ನೀನು ಬಿತ್ತಬೇಡ ಎನ್ನಲಿಲ್ಲ. ಅದನ್ನು ಕೇಳುತ್ತಿದ್ದ ಗಲಿಲಾಯದ ಜನ ರೋಮಿನ ಆಳ್ವಿಕೆಯಲ್ಲಿ ತೆರಿಗೆ ಕಟ್ಟುತ್ತಿದ್ದವರು, ಮೀನು ಹಿಡಿಯುತ್ತಿದ್ದವರು, ದಿನಗೂಲಿಗೆ ಹೋಗುತ್ತಿದ್ದವರು. ಏನು ಉಣ್ಣಬೇಕು, ಏನು ಉಡಬೇಕು ಎಂಬುದು ಅವರಿಗೆ ಉಪಮೆಯಾಗಿರಲಿಲ್ಲ. ಅಂಥವರಿಗೆ ಹೇಳಿದ ಮಾತು ಬೈಗುಳವಾಗಿರಲು ಸಾಧ್ಯವಿಲ್ಲ. ಅದು ಸಮಾಧಾನದ ಮಾತು. ನಮ್ಮ ಬೋಧನೆಗಳಲ್ಲಿ ನಾವು ಅದನ್ನು ಎಷ್ಟೋ ಸಲ ಆಜ್ಞೆಯ ದನಿಯಲ್ಲಿ ಓದಿಬಿಡುತ್ತೇವೆ. ನಾನೂ ಓದಿದ್ದೇನೆ.

ಮುಂದಿನದು ಕನ್ನಡದಲ್ಲಿ ಸತ್ಯವೇದವನ್ನು ಓದಿ ಬೆಳೆದ ನನಗೆ ಬಹಳ ಪ್ರಿಯವಾದದ್ದು. ಪೇತ್ರನ ಮೊದಲನೆಯ ಪತ್ರಿಕೆಯ 5ನೆಯ ಅಧ್ಯಾಯದ 7ನೆಯ ವಚನವು, ನಿಮ್ಮ ಚಿಂತೆಯನ್ನೆಲ್ಲಾ ಆತನ ಮೇಲೆ ಹಾಕಿರಿ, ಆತನು ನಿಮಗೋಸ್ಕರ ಚಿಂತಿಸುತ್ತಾನೆ ಎನ್ನುತ್ತದೆ. ಮೂಲ ಗ್ರೀಕಿನಲ್ಲಿ ಇಲ್ಲಿ ಎರಡು ಬೇರೆ ಬೇರೆ ಪದಗಳಿವೆ: ಮನುಷ್ಯನ ಕಳವಳಕ್ಕೆ ಒಂದು, ದೇವರ ಕಾಳಜಿಗೆ ಇನ್ನೊಂದು. ಕನ್ನಡಕ್ಕೆ ತಂದವರು ಎರಡು ಕಡೆಯಲ್ಲೂ ‘ಚಿಂತೆ’ಯನ್ನೇ ಇಟ್ಟರು. ಹೀಗಾಗಿ ನಮ್ಮ ಭಾಷೆಯಲ್ಲಿ ನಾವು ಹೊರುವುದೂ ಚಿಂತೆಯೇ, ಆತನು ಎತ್ತಿಕೊಳ್ಳುವುದೂ ಚಿಂತೆಯೇ. ನಿಮ್ಮ ತೋಟದಲ್ಲಿ ಅಡಿಕೆ ಉದುರುವಾಗ ಎಚ್ಚರವಾಗಿರುವವರು ನೀವೊಬ್ಬರೇ ಅಲ್ಲ ಎಂದು ಆ ವಚನ ನನಗೆ ಹೇಳುತ್ತದೆ.

ಮಂಜೇಶ್ವರದ ಶಿಕ್ಷಕಿ:

ಅಯ್ಯನವರ ಮಾತು ಓದಿ ಮನಸ್ಸು ಹಗುರವಾಯಿತು. ನನ್ನದೊಂದು ಸಾಕ್ಷಿಯನ್ನೂ ಸೇರಿಸುತ್ತೇನೆ. ಎರಡು ವರ್ಷಗಳ ಹಿಂದೆ ಮಗಳ ನರ್ಸಿಂಗ್ ಕಾಲೇಜಿನ ಶುಲ್ಕ ಕಟ್ಟಲು ಒಂದೇ ದಿನ ಉಳಿದಿತ್ತು, ಕೈಯಲ್ಲಿ ಅರ್ಧ ಹಣವೂ ಇರಲಿಲ್ಲ. ರಾತ್ರಿ ಕುಟುಂಬ ಪ್ರಾರ್ಥನೆ ಮಾಡಿ ಮಲಗಿದೆವು. ಎಂದೋ ನಿಂತುಹೋಗಿದ್ದ ಒಂದು ಚೀಟಿಯ ಹಣವನ್ನು ಹಿಂದಿರುಗಿಸಲು ಮರುದಿನ ಬೆಳಗ್ಗೆ ನಡೆಸುತ್ತಿದ್ದವರೇ ಮನೆಗೆ ಬಂದರು. ದೇವರು ತಡಮಾಡುವುದಿಲ್ಲ, ಕೈಬಿಡುವುದೂ ಇಲ್ಲ. ಅಣ್ಣ, ನಿಮ್ಮ ತೋಟವನ್ನೂ ಆತನು ಕಾಯುವನು, ನಂಬಿಕೆಯಿಂದಿರಿ.

ಎಣ್ಮಕಜೆಯ ತಾಯಿ:

ಟೀಚರೇ, ನಿಮ್ಮ ಸಂತೋಷವನ್ನು ಕಿತ್ತುಕೊಳ್ಳಲು ನಾನು ಬರೆಯುತ್ತಿಲ್ಲ. ಆ ಹಣ ದೇವರಿಂದಲೇ ಬಂತೆಂದು ನಾನೂ ನಂಬುತ್ತೇನೆ. ಆದರೆ ಸಾಕ್ಷಿ ಹೇಳುವಾಗ, ಪ್ರಾರ್ಥಿಸಿಯೂ ಪಡೆಯದವರು ಅದನ್ನು ಕೇಳುತ್ತಾ ಕುಳಿತಿರುತ್ತಾರೆ ಎಂಬುದನ್ನು ಒಮ್ಮೆ ನೆನೆಯಬೇಕು ಎಂದು ಕೇಳಿಕೊಳ್ಳುತ್ತೇನೆ.

ನನ್ನ ಮಗನಿಗೆ ಈಗ ಇಪ್ಪತ್ತಾರು ವರ್ಷ. ಅವನು ಇದುವರೆಗೆ ಎದ್ದು ಕುಳಿತಿಲ್ಲ. ಇಲ್ಲಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಕಥೆ ನಿಮಗೆಲ್ಲ ಗೊತ್ತು. ಸುಪ್ರೀಂ ಕೋರ್ಟು ಅದನ್ನು 2011ರಲ್ಲಿ ನಿಷೇಧಿಸಿತು, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರಲ್ಲಿ ಹೇಳಿತು. ನಮ್ಮ ಪಡ್ರೆಯ ಹತ್ತಿರ ಸ್ವರ್ಗ ಎಂಬ ಹೆಸರಿನ ಊರಿದೆ. ಹಿಂದೆ ಆ ಹೆಸರನ್ನು ಹೇಳುವಾಗ ಯಾರಿಗೂ ಏನೂ ಅನಿಸುತ್ತಿರಲಿಲ್ಲ.

ಮಗ ಹುಟ್ಟಿದಾಗಿನಿಂದ ನಾನು ಮಾಡದ ಒಂಬತ್ತು ದಿನಗಳ ನೊವೆನಾ ಪ್ರಾರ್ಥನೆ ಇಲ್ಲ, ಹೊರದ ಹರಕೆ ಇಲ್ಲ. ಯಾರೋ ನನ್ನ ವಿಶ್ವಾಸ ಸಾಲದೆಂದರು. ಮತ್ತಾರೋ, ದೇವರು ವಿಶೇಷ ಮಕ್ಕಳನ್ನು ವಿಶೇಷ ತಾಯಂದಿರಿಗೇ ಕೊಡುತ್ತಾನೆ ಎಂದರು. ಎರಡೂ ಮಾತುಗಳನ್ನು ಹೇಳಿದವರು ಚಹಾ ಕುಡಿದು ಹೊರಟುಹೋದರು. ಮನುಷ್ಯರು ಸುರಿದ ವಿಷವನ್ನು ದೇವರ ಕೊಡುಗೆ ಎಂದು ಕರೆಯಲು ನನ್ನಿಂದಾಗದು, ಕರೆದರೆ ಅದು ದೇವರ ಮೇಲೆ ಹೊರಿಸಿದ ಸುಳ್ಳು ಅಪವಾದವಾಗುತ್ತದೆ. ಮಕ್ಕಳ ತಾಯಂದಿರು ಮಳೆ ಬಿಸಿಲೆನ್ನದೆ ಧರಣಿ ಕುಳಿತರು. 2022ರ ಅಕ್ಟೋಬರಿನಲ್ಲಿ ಸಮಾಜಸೇವಕಿ ದಯಾಬಾಯಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ ತಿರುವನಂತಪುರದ ಸಚಿವಾಲಯದ ಮುಂದೆ ನಮ್ಮ ಮಕ್ಕಳಿಗಾಗಿ ಎರಡು ವಾರಕ್ಕೂ ಹೆಚ್ಚು ಕಾಲ ಉಪವಾಸ ಕುಳಿತರು. ಚಿಕಿತ್ಸೆಗಾಗಿ, ನ್ಯಾಯಕ್ಕಾಗಿ ಕೂಗುವುದನ್ನು ದೇವರ ಮೇಲಿನ ಅವಿಶ್ವಾಸವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಹಾಗಾದರೆ ಇನ್ನೂ ಏಕೆ ಪೂಜೆಗೆ ಹೋಗುತ್ತೀರಿ ಎಂದು ನೀವು ಕೇಳಬಹುದು. ಅದಕ್ಕೆ ನನ್ನಲ್ಲಿ ವಾದವಿಲ್ಲ, ನಡೆದದ್ದನ್ನು ಮಾತ್ರ ಹೇಳುತ್ತೇನೆ. ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು, ಇಲ್ಲವಾದರೆ ಬೆನ್ನು ಹುಣ್ಣಾಗುತ್ತದೆ. ಹಗಲಿಗೆ ಸರಿ, ರಾತ್ರಿಯೂ ಹಾಗೆಯೇ. ಒಂದು ಕೈ ಅವನ ಹೆಗಲಿನ ಕೆಳಗೆ, ಒಂದು ಕೈ ಸೊಂಟದ ಕೆಳಗೆ ಇಟ್ಟು, ಅವನು ಉಸಿರು ಬಿಡುವುದನ್ನು ಕಾದು, ಒಮ್ಮೆಲೇ ತಿರುಗಿಸಬೇಕು; ಉಸಿರು ಎಳೆದುಕೊಳ್ಳುವಾಗ ತಿರುಗಿಸಿದರೆ ಬೆಚ್ಚುತ್ತಾನೆ. ಇದನ್ನು ನನಗೆ ಯಾರೂ ಕಲಿಸಿಲ್ಲ. ಆರೇಳು ವರ್ಷಗಳ ಹಿಂದೆ ಒಂದು ರಾತ್ರಿ ಎರಡು ಗಂಟೆಗೆ ಅವನನ್ನು ತಿರುಗಿಸುವಾಗ ನನ್ನ ಬೆನ್ನು ಹಿಡಿದುಕೊಂಡಿತು, ಅಲ್ಲಿಯೇ ನೆಲದ ಮೇಲೆ ಕುಳಿತೆ. ದೇವರೇ, ನಾಳೆ ಬೆಳಗ್ಗಿನವರೆಗೆ ಮಾತ್ರ ಎಂದೆ. ಅದಕ್ಕಿಂತ ಹೆಚ್ಚು ಕೇಳಲು ಧೈರ್ಯವಿರಲಿಲ್ಲ. ಬೆಳಗಾಯಿತು. ಅಂದಿನಿಂದ ನಾನು ಅಷ್ಟನ್ನೇ ಕೇಳುತ್ತಿದ್ದೇನೆ.

ಬೆನ್ನು ಹಿಡಿದುಕೊಂಡ ಸುದ್ದಿ ಕೇಳಿ ನೆರೆಯ ಮನೆಯ ಬ್ಯಾರಿ ಮುಸ್ಲಿಂ ಹೆಂಗಸೊಬ್ಬರು ಆ ವಾರ ಬಂದರು. ಈಗಲೂ ಪ್ರತಿ ಬುಧವಾರ ಬರುತ್ತಾರೆ. ಅವನಿಗೆ ಸ್ನಾನ ಮಾಡಿಸುವಾಗ ಕಾಲಿನ ಕಡೆ ಹಿಡಿಯುತ್ತಾರೆ. ದೇವರ ಪರಾಮರಿಕೆ ಎಂದರೆ ಏನೆಂದು ಯಾರಾದರೂ ನನ್ನನ್ನು ಕೇಳಿದರೆ ನನಗೆ ಮೊದಲು ನೆನಪಾಗುವುದು ಅವರ ಬಳೆಯ ಸದ್ದು.

ಉಪ್ಪಳದ ನಿವೃತ್ತ ಸಭಾಪಾಲಕ:

ತಾಯೀ, ನಿಮ್ಮ ಬರಹವನ್ನು ಮೂರು ಸಲ ಓದಿದೆ. ಬೋಧಿಸುವ ಅಧಿಕಾರ ನನಗಿಲ್ಲಿ ಇಲ್ಲ, ಆದರೂ ನಾನು ತಪ್ಪಿದ ಒಂದು ಕಡೆಯನ್ನು ಹೇಳಿಕೊಳ್ಳುತ್ತೇನೆ.

2020ರ ಮಾರ್ಚಿನಲ್ಲಿ, ಕೊರೊನಾ ಕಾಲದಲ್ಲಿ, ಕೇರಳ-ಕರ್ನಾಟಕದ ನಡುವಿನ ತಲಪಾಡಿಯ ಗಡಿ ಮುಚ್ಚಿ, ಒಳದಾರಿಗಳಿಗೆಲ್ಲ ಮಣ್ಣಿನ ರಾಶಿ ಬಿದ್ದದ್ದು ನಮಗೆಲ್ಲ ನೆನಪಿದೆ. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿಕೊಂಡಿದ್ದ ನಮ್ಮ ಕಡೆಯವರು ಆಚೆ ದಾಟಲಾಗದೆ ಆಂಬುಲೆನ್ಸಿನಲ್ಲೇ ಕಾದರು, ಚಿಕಿತ್ಸೆ ಸಿಗದೆ ಪ್ರಾಣ ಬಿಟ್ಟವರೂ ಇದ್ದಾರೆ. ನನ್ನ ಪರಿಚಯದ ಒಬ್ಬ ಸಹೋದರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕಿತ್ತು. ಅವರ ಮಗ ಫೋನು ಮಾಡಿದಾಗ, ದೇವರು ನೋಡಿಕೊಳ್ಳುತ್ತಾನೆ, ಪ್ರಾರ್ಥಿಸೋಣ ಎಂದು ಹೇಳಿ ಫೋನು ಇಟ್ಟೆ. ಪ್ರಾರ್ಥಿಸಿದ್ದೂ ನಿಜ. ಆದರೆ ದಕ್ಷಿಣದ ಕಡೆ ಎಲ್ಲಿ ಯಂತ್ರ ಖಾಲಿಯಿದೆಯೆಂದು ಒಂದೊಂದು ಆಸ್ಪತ್ರೆಗೂ ಫೋನು ಮಾಡಿ ವಿಚಾರಿಸಿ, ಅವರನ್ನು ತನ್ನ ವಾಹನದಲ್ಲಿ ಕರೆದುಕೊಂಡು ಹೋದವನು ಅವರ ಓಣಿಯ ಆಟೋ ಚಾಲಕ. ಸಹೋದರನಾಗಲಿ ಸಹೋದರಿಯಾಗಲಿ ಬಟ್ಟೆಯಿಲ್ಲದೆ, ಆಹಾರವಿಲ್ಲದೆ ಇರುವಾಗ ‘ಬೆಚ್ಚಗಿರಿ, ತೃಪ್ತರಾಗಿರಿ’ ಎಂದು ಹೇಳಿ ಕಳುಹಿಸಿದರೆ ಏನು ಪ್ರಯೋಜನ ಎಂದು ಯಾಕೋಬನು ತನ್ನ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಕೇಳಿದ್ದು ನನ್ನನ್ನೇ. ದೇವರು ನೋಡಿಕೊಳ್ಳುತ್ತಾನೆ ಎಂಬುದು ಸತ್ಯವಾದ ಮಾತು, ಆದರೆ ನನ್ನ ಬಾಯಲ್ಲಿ ಅಂದು ಅದು ಫೋನು ಇಡುವ ಮಾತಾಗಿತ್ತು.

ಪಡೆದವರು, ಪಡೆಯದವರು ಎಂಬ ನಿಮ್ಮ ಮಾತಿಗೆ ಬರುತ್ತೇನೆ. ಅಪೊಸ್ತಲರ ಕೃತ್ಯಗಳ 12ನೆಯ ಅಧ್ಯಾಯದ ಆರಂಭದಲ್ಲೇ ಹೆರೋದನು ಯೋಹಾನನ ಅಣ್ಣನಾದ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಕೆಲವೇ ವಚನಗಳ ಬಳಿಕ ದೇವದೂತನು ಬಂದು ಪೇತ್ರನನ್ನು ಸೆರೆಯಿಂದ ಬಿಡಿಸುತ್ತಾನೆ. ಇಬ್ಬರೂ ಯೇಸುವಿಗೆ ಅತಿ ಹತ್ತಿರವಿದ್ದ ಶಿಷ್ಯರು. ಒಬ್ಬನಿಗೆ ಬಾಗಿಲು ತೆರೆದು ಇನ್ನೊಬ್ಬನಿಗೆ ಏಕೆ ತೆರೆಯಲಿಲ್ಲ ಎಂಬುದಕ್ಕೆ ಅದನ್ನು ಬರೆದ ಲೂಕನು ಒಂದು ವಾಕ್ಯದ ವಿವರಣೆಯನ್ನೂ ಕೊಡುವುದಿಲ್ಲ. ಯಾಕೋಬನ ತಾಯಿ ಆಗ ಬದುಕಿದ್ದಳೋ ಇಲ್ಲವೋ, ಪೇತ್ರನ ಬಿಡುಗಡೆಯ ಸುದ್ದಿಯನ್ನು ಅವಳು ಹೇಗೆ ಕೇಳಿರಬಹುದು ಎಂದು ನಾನು ಯೋಚಿಸುವುದುಂಟು. ಸತ್ಯವೇದವೇ ಮೌನವಾಗಿರುವಲ್ಲಿ ಸಭಾಪಾಲಕನು ಮಾತನಾಡದಿರುವುದೇ ಸರಿ.

ನೀವು ರಾತ್ರಿ ಕೇಳಿಕೊಂಡ ‘ನಾಳೆ ಬೆಳಗ್ಗಿನವರೆಗೆ’ ಎಂಬುದರ ಬಗ್ಗೆ ಒಂದು ಮಾತಿದೆ. ಕರ್ತನ ಪ್ರಾರ್ಥನೆಯಲ್ಲಿ ನಾವು ‘ಅನುದಿನದ ಆಹಾರ’ ಎನ್ನುವಲ್ಲಿರುವ ಗ್ರೀಕ್ ಪದ ಬಹಳ ಅಪರೂಪದ್ದು, ಬೇರೆಡೆ ಹೆಚ್ಚುಕಡಿಮೆ ಸಿಗುವುದೇ ಇಲ್ಲ. ‘ಬರುವ ದಿನಕ್ಕೆ ಬೇಕಾದ’ ಎಂಬ ಅರ್ಥವನ್ನೂ ಪಂಡಿತರು ಅದಕ್ಕೆ ಹೇಳುತ್ತಾರೆ. ಹಾಗಿದ್ದರೆ ರಾತ್ರಿ ಕುಳಿತು ಬೆಳಗಿನ ಮಟ್ಟಿಗೆ ಬೇಡಿಕೊಂಡ ನೀವು ಯೇಸು ಕಲಿಸಿದ ಪ್ರಾರ್ಥನೆಯನ್ನೇ ಅಕ್ಷರಶಃ ಮಾಡಿದ್ದೀರಿ.

ಬದಿಯಡ್ಕದಿಂದ ಒಬ್ಬ:

ವಿಮೆ ಬೇಡವೆಂದ ಆ ಯುವಕನಿಗಾಗಿ ನಮ್ಮ ತಂದೆಯ ವಿಷಯವನ್ನು ಬರೆಯುತ್ತೇನೆ. ಅವರು ನೀರಿಗಾಗಿ ಸುರಂಗ ತೋಡುತ್ತಿದ್ದರು. ಗುಡ್ಡದ ಬದಿಯಿಂದ ಮುರಕಲ್ಲನ್ನು ಕಡಿಯುತ್ತಾ, ಒಬ್ಬ ಮನುಷ್ಯ ನಿಂತು ನಡೆಯುವಷ್ಟು ಎತ್ತರ, ಎರಡು ಎರಡೂವರೆ ಅಡಿ ಅಗಲ ಬಿಟ್ಟು ಒಳಗೆ ಒಳಗೆ ಹೋಗುವುದು. ನೀರು ಸಿಗುವುದೋ ಇಲ್ಲವೋ ಹೊರಗಿನಿಂದ ಯಾರೂ ಖಚಿತವಾಗಿ ಹೇಳಲಾರರು. ಗೋಡೆ ಒದ್ದೆಯಾಗುತ್ತಾ ಬರುತ್ತದೆ, ಆಮೇಲೆ ಹನಿ, ಅದೃಷ್ಟವಿದ್ದರೆ ವರ್ಷಪೂರ್ತಿ ಪಂಪಿಲ್ಲದೆ ಹರಿಯುವ ನೀರು. ಒಳಗೆ ಹೋಗುವ ಮೊದಲು ಬಾಯಲ್ಲಿ ನಿಂತು ಶಿಲುಬೆಯ ಗುರುತು ಹಾಕುತ್ತಿದ್ದರು. ಒಳಗೆ ಕೆಲಸ ಮಾಡುವಾಗ ಮೋಂಬತ್ತಿ ಹಚ್ಚಿಡುತ್ತಿದ್ದರು. ಬೆಳಕಿಗೂ ಹೌದು, ಗಾಳಿಯ ಗುರುತಿಗೂ ಹೌದು. ಉರಿ ಕುಗ್ಗಿತೆಂದರೆ ಉಸಿರಾಡುವ ಗಾಳಿ ಸಾಲದು, ಕೂಡಲೇ ಹೊರಗೆ ಬರಬೇಕು. ತಂದೆ ಶಿಲುಬೆಯ ಗುರುತು ಹಾಕಿ ಒಳಗೆ ಹೋಗುತ್ತಿದ್ದರು, ಮೋಂಬತ್ತಿ ನೋಡಿ ಹೊರಗೆ ಬರುತ್ತಿದ್ದರು. ಎರಡನೆಯದು ಮೊದಲನೆಯದಕ್ಕೆ ವಿರೋಧವೆಂದು ಅವರಿಗೆ ಒಂದು ದಿನವೂ ಅನಿಸಲಿಲ್ಲ. ದೇವಾಲಯದ ಗೋಪುರದಿಂದ ಧುಮುಕು, ದೂತರು ಹಿಡಿದುಕೊಳ್ಳುವರು ಎಂದು ಯೇಸುವಿಗೆ ಹೇಳಿದವನು ಯಾರೆಂಬುದನ್ನು ಆ ಯುವಕ ಮತ್ತಾಯನ 4ನೆಯ ಅಧ್ಯಾಯದಲ್ಲಿ ಓದಲಿ.

ಮಂಜೇಶ್ವರದ ಶಿಕ್ಷಕಿ:

ಅಕ್ಕ, ನನ್ನ ಸಾಕ್ಷಿಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಅದು ನಡೆದದ್ದು. ಆದರೆ ಅದರ ಕೊನೆಯಲ್ಲಿ ಬೇಳದ ಅಣ್ಣನಿಗೆ ಹೇಳಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅವರ ತೋಟ ಉಳಿಯುತ್ತದೆ ಎಂದು ದೇವರು ನನಗೆ ಹೇಳಿರಲಿಲ್ಲ.

ಸೆಪ್ಟೆಂಬರ್ 8ರಂದು ತೆನೆಹಬ್ಬ ಬರುತ್ತಿದೆ. ಒಂಬತ್ತು ದಿನ ಮಕ್ಕಳು ಯೇಸುವಿನ ತಾಯಿ ಮರಿಯ ಮಾತೆಗೆ ಹೂ ಹಾಕುತ್ತಾರೆ, ಕೊನೆಗೆ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಹೊಸ ಅಕ್ಕಿಯ ನಾಲ್ಕು ಕಾಳನ್ನು ಸುಲಿದು ಪಾಯಸಕ್ಕೆ ಸೇರಿಸಿ ಹಂಚಿಕೊಳ್ಳುತ್ತೇವೆ. ಅದಾಗಿ ಸರಿಯಾಗಿ ಒಂದು ವಾರಕ್ಕೆ, 15ನೆಯ ತಾರೀಕಿಗೆ, ಶೋಕಮಾತೆಯ ಹಬ್ಬ. ನಿಮ್ಮ ಬೇಳದ ಇಗರ್ಜಿ 1890ರಿಂದ ಆ ಮಾತೆಯ ಹೆಸರಿನಲ್ಲೇ ಇದೆಯಲ್ಲ ಅಣ್ಣ. ಹೊಸ ಬೆಳೆಗೆ ಕೃತಜ್ಞತೆ ಸಲ್ಲಿಸಿದ ತಾಯಿಯ ಮುಂದೆಯೇ ಏಳು ದಿನಗಳ ಬಳಿಕ ಅವಳ ಎದೆಯಲ್ಲಿ ಅಲಗು ನೆಟ್ಟದ್ದನ್ನು ನೋಡುತ್ತಾ ನಿಲ್ಲುತ್ತೇವೆ. ಇಷ್ಟು ವರ್ಷ ಎರಡೂ ಹಬ್ಬ ಮಾಡಿದ್ದೇನೆ, ಎರಡನ್ನೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ. ಸಾಕ್ಷಿ ಹೇಳುವಾಗ ನಾನು 8ನೆಯ ತಾರೀಕಿನಲ್ಲೇ ನಿಂತುಬಿಟ್ಟಿದ್ದೆ.

ಬೇಳದ ಕೃಷಿಕ:

ಎಲ್ಲರಿಗೂ ವಂದನೆಗಳು. ಉತ್ತರಿಸಲು ತಡವಾಯಿತು. ಕಳೆದ ವಾರ ಎರಡು ದಿನ ಬಿಸಿಲು ಬಿತ್ತು, ಆ ಅವಕಾಶದಲ್ಲಿ ಮತ್ತೊಮ್ಮೆ ಮದ್ದು ಬಿಡಿಸಿದೆ. ಮರ ಹತ್ತುವವನಿಗೆ ಜ್ವರವೆಂದು ತಿಳಿದು ಪಕ್ಕದ ಮನೆಯವರ ಮಗ ತಾನಾಗಿ ಬಂದ. ಮೂರರಲ್ಲಿ ಒಂದು ಪಾಲು ಫಸಲು ಹೋಗಿದೆ, ಇನ್ನೂ ಹೋಗಬಹುದು. ಬ್ಯಾಂಕಿಗೆ ಹೋಗಿ ಕಂತಿನ ವಿಷಯ ಮಾತನಾಡಿ ಬಂದಿದ್ದೇನೆ. ವಿಮೆಯ ಕಾಗದವನ್ನೂ ಕೊಟ್ಟಿದ್ದೇನೆ. ನಾಚಿಕೆಯೇನೂ ಆಗಲಿಲ್ಲ.

ರಾತ್ರಿಯ ಸದ್ದು ನಿಂತಿಲ್ಲ, ನನಗೆ ಎಚ್ಚರವಾಗುವುದೂ ನಿಂತಿಲ್ಲ. ಆದರೆ ಈಗ ಎಣಿಸುತ್ತಿಲ್ಲ. ಎಚ್ಚರವಾದಾಗ, ಎಣ್ಮಕಜೆಯಲ್ಲಿ ಒಬ್ಬ ತಾಯಿ ಇದೇ ಹೊತ್ತಿಗೆ ಮಗನ ಹೆಗಲಿನ ಕೆಳಗೆ ಕೈಯಿಟ್ಟು ಅವನ ಉಸಿರನ್ನು ಕಾಯುತ್ತಿರಬಹುದು ಎಂದು ನೆನಪಾಗುತ್ತದೆ. ಅವರಿಗಾಗಿ ಬೆಳಗ್ಗಿನವರೆಗೆ ಎಂದು ಕೇಳಿಕೊಳ್ಳುತ್ತೇನೆ. ನನ್ನ ತೋಟದ ವಿಷಯ ಆಮೇಲೆ ಬರುತ್ತದೆ, ಕೆಲವು ಸಲ ಅದಕ್ಕೆ ಮೊದಲೇ ನಿದ್ದೆ ಬರುತ್ತದೆ.

ಅಕ್ಕ, ಒಂದು ವಿಷಯ ಕೇಳಬೇಕಿತ್ತು. ಬುಧವಾರ ಒಬ್ಬರು ಬರುತ್ತಾರೆ ಎಂದಿರಿ. ನಾನೂ ನನ್ನ ಹೆಂಡತಿಯೂ ವಾರದಲ್ಲಿ ಇನ್ನೊಂದು ದಿನ ಬರಬಹುದೇ? ಭಾರ ಎತ್ತುವ ಕೆಲಸ ನನಗೆ ಅಭ್ಯಾಸವಿದೆ. ಉಸಿರಿನ ಲೆಕ್ಕವನ್ನು ಮಾತ್ರ ನೀವು ಹೇಳಿಕೊಡಬೇಕು.

ಎಣ್ಮಕಜೆಯ ತಾಯಿ:

ಶನಿವಾರ ಬನ್ನಿ ಅಣ್ಣ. ಬದಿಯಡ್ಕದಲ್ಲಿ ಇಳಿದು ಪೆರ್ಲದ ಬಸ್ಸು ಹತ್ತಿ. ಪೆರ್ಲ ಪೇಟೆಗೆ ತಲುಪಿದ ಮೇಲೆ ಫೋನು ಮಾಡಿದರೆ ಸಾಕು. ಹತ್ತು ಗಂಟೆಯೊಳಗೆ ತಲುಪಿದರೆ ಸ್ನಾನದ ಹೊತ್ತಿಗೆ ಸರಿಯಾಗುತ್ತದೆ. ಹೊಸಬರನ್ನು ಕಂಡರೆ ಅವನು ಮೊದಲು ಸ್ವಲ್ಪ ಹೊತ್ತು ಮುಖ ತಿರುಗಿಸಿಕೊಳ್ಳುತ್ತಾನೆ, ಆಮೇಲೆ ನೋಡುತ್ತಾನೆ. ಅತ್ತಿಗೆಯವರನ್ನೂ ಕರೆದುಕೊಂಡು ಬನ್ನಿ, ಊಟ ಇಲ್ಲಿಯೇ.